ತೊಳೆಯೋರು ಯಾರು, ಜೋಡಿಸೋರು ಯಾರು?

ಗೆಳೆಯರೇ, ಮೊನ್ನೆ ಭಾನುವಾರ ನಾನು ಸ್ಟೇಟಸ್‌ಗೆ ಹಾಕಿದ್ದ ಫೋಟೋ ನೋಡಿ ಸುಮಾರು ಜನ ಕೇಳಿದ್ರಿ. "ಅಣ್ಣಾ, ಕೈಯೆಲ್ಲಾ ಮಸಿ ಯಾಕ? ಹೋರಾಟ ಬಿಟ್ಟು ಗ್ಯಾರೇಜ್ ತಗದೀರೇನು?" ಒಬ್ಬೊಬ್ಬರಿಗೆ ಉತ್ತರ ಕೊಡೋ ಬದಲು ಎಲ್ಲರಿಗೂ ಸೇರಿಸಿ ಇಲ್ಲೇ ಬರೀತೀನಿ. ಸ್ವಲ್ಪ ಉದ್ದ ಆಗ್ತದ, ಸಮಾಧಾನದಿಂದ ಓದ್ರಿ.

ನನ್ನ ಹತ್ರ ಇರೋದು ಹಳೇ ವ್ಯಾಗನ್ಆರ್. ನಾನು ಅದರ ಮೂರನೇ ಮಾಲೀಕ. ಸಂಘಟನೆಯ ಓಡಾಟಕ್ಕೆಲ್ಲ ಅದೇ. ಹಳ್ಳಿಯೊಳಗ ನಮ್ಮವರ ಮೇಲೆ ಏನಾದ್ರೂ ಆದ್ರೆ ಸ್ಟೇಷನ್ನಿಗೆ, ಆಸ್ಪತ್ರೆಗೆ, ಕೋರ್ಟಿಗೆ ಅದರಲ್ಲೇ ಕರ್ಕೊಂಡು ಹೋಗೋದು. ಎರಡು ವಾರದ ಹಿಂದೆ ಹಿಂಗೇ ಒಂದು ಕೇಸಿನ ಸಲುವಾಗಿ ಒಬ್ಬ ಮುದುಕಿ, ಆಕಿ ಸೊಸೆ, ಒಂದು ಕೂಸು ಮೂವರನ್ನೂ ಕೂರಿಸಿಕೊಂಡು ಹುಬ್ಬಳ್ಳಿ ಕಡೆಯಿಂದ ಬರ್ತಿದ್ದೆ. ರಾತ್ರಿ ನಮ್ಮನ್ಯಾಗೇ ಉಳಿಯೋರು ಅವರು. ಉಣಕಲ್ ಕೆರೆ ದಾಟೋ ಹೊತ್ತಿಗೆ ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕ ಎಳ್ಯಾಕ ಹತ್ತಿತು. ಅದರ ಜೊತೆಗೆ ಡ್ಯಾಶ್‌ಬೋರ್ಡಿನಾಗ ಬ್ಯಾಟರಿ ಚಿತ್ರದ ಕೆಂಪು ದೀಪ. ಬೈರಿದೇವರಕೊಪ್ಪ ಮುಟ್ಟೋ ತನಕ ಜೀವ ಕೈಯ್ಯಾಗ ಹಿಡ್ಕೊಂಡು ಬಂದೆ. ಪಿ.ಬಿ. ರೋಡಿನ ಮೇಲೆ ಒಂದು ಕಡೆ ಲಾರಿ, ನಡುವ ಚಿಗರಿ ಬಸ್ಸು. ಹಿಂದ ಕುಂತ ಮುದುಕಿಗೆ ಇದ್ಯಾವುದೂ ಗೊತ್ತಿಲ್ಲ, ಪಾಪ ನಿದ್ದಿ ಮಾಡಾಕತ್ತಿದ್ಲು.

ಮನೆ ಮುಂದೆ ನಿಲ್ಲಿಸಿ ಮುಂದಿನ ಎಡಗಾಲಿ ಹತ್ರ ಕೈ ಒಯ್ದೆ. ರೊಟ್ಟಿ ಹಂಚಿನ ಹತ್ರ ಒಯ್ದಂಗ ಬಿಸಿ. ಕ್ಯಾಲಿಪರ್ ಜಾಮ್ ಆಗಿತ್ತು. ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನ ಬಿಡ್ತಿರಲಿಲ್ಲ. ಗ್ಯಾರೇಜಿಗೆ ಒಯ್ದ್ರೆ "ಕ್ಯಾಲಿಪರ್ ಪೂರಾ ಬದಲಿ, ಡೈನಮೋ ಪೂರಾ ಬದಲಿ" ಅಂದ್ರು. ಅಷ್ಟು ರೊಕ್ಕ ನನ್ನ ಹತ್ರ ಇರಲಿಲ್ಲ. ಆದ್ರ ರೊಕ್ಕ ಒಂದೇ ಕಾರಣ ಅಂದ್ರ ಸುಳ್ಳು ಹೇಳಿದಂಗ ಆಗ್ತದ. ಈ ಕೆಲಸವನ್ನ ಮೊದಲಿನಿಂದ ಕೊನೇ ತನಕ ನಾನೇ ಒಮ್ಮೆ ಮಾಡಬೇಕು ಅನ್ನೋದು ನನ್ನ ಹಳೇ ಹಟ. ಯಾಕಂತ ಮುಂದೆ ಹೇಳ್ತೀನಿ.

ಭಾನುವಾರ ಮುಂಜಾನೆ ಅಂಗಳದಾಗ ಗೋಣಿಚೀಲ ಹಾಸಿ, ಪಾನಾ, ಸುತ್ತಿಗಿ, ತಂತಿ ಬ್ರಶ್ಶು ಇಟ್ಕೊಂಡು ಕುಂತೆ. ಅವ್ವ ಬಾಗಿಲಿಗೆ ಬಂದು ನಿಂತ್ಲು. ಮೂವತ್ತು ವರ್ಷ ರಸ್ತೆ ಕಸ ಹೊಡದಾಕಿ ಆಕಿ, ಗುತ್ತಿಗಿ ಪೌರಕಾರ್ಮಿಕಳಾಗಿ. ನಾ ಸಣ್ಣವಿದ್ದಾಗ ಕೈಗೆ ಮಣ್ಣು ಹತ್ತಿದ್ರೂ ಹೊಡೀತಿದ್ಲು. "ನನ್ನ ಕೈ ಹೊಲಸಾತು, ನಿನ್ನ ಕೈ ಪೆನ್ನು ಹಿಡೀಬೇಕು" ಅನ್ನೋದು ಆಕಿ ಒಂದೇ ಮಾತು. ಅವತ್ತೂ ಅದನ್ನೇ ಬೇರೆ ಥರ ಅಂದ್ಲು.

"ಇದಕ್ಕ ನಿನ್ನ ಸಾಲಿಗೆ ಹಾಕಿದ್ನೇನೋ? ಬಿ.ಎ. ಮಾಡಿ ಮತ್ತ ಹೊಲಸಿನಾಗ ಕೈ ಇಡ್ತಿ."

ನನಗ ಉತ್ತರ ಬರಲಿಲ್ಲ. ನಮ್ಮ ಕೇರಿಯಾಗ ಬೆಳೆದವರಿಗೆ ಈ ಮಾತಿನ ತೂಕ ಗೊತ್ತು. ಬೇರೆಯವರು ಭಾನುವಾರ ಕಾರು ಬಿಚ್ಚಿದ್ರ ಅದು ಹವ್ಯಾಸ. ನಾವು ಬಿಚ್ಚಿದ್ರ "ಇವರ ಹಣೇಬರಾನೇ ಇದು" ಅಂತಾರ. ಅವ್ವನಿಗೆ ಆ ಅಂಜಿಕೆ.

ಸರಿ, ಕೆಲಸಕ್ಕೆ ಬರೋಣ. ಗಾಡಿ ಎತ್ತಿ ಕೆಳಗ ಸ್ಟ್ಯಾಂಡ್ ಕೊಟ್ಟೆ. ಬರೇ ಜ್ಯಾಕ್ ನಂಬಿ ಯಾರೂ ಕೈ ಹಾಕಬ್ಯಾಡ್ರಿ. ಗಾಲಿ ಬಿಚ್ಚಿದ್ರೆ ಒಳಗೆಲ್ಲ ಕರೀ ಧೂಳು, ಪ್ಯಾಡ್ ಸವೆದು ಕುಂತದ್ದು. ಗ್ಯಾರೇಜಿನ ರೂಢಿಯಂತೆ ಬಾಯಿಂದ ಊದಬೇಕು ಅಂತ ಬಗ್ಗಿದ್ದೆ. ಅವ್ವ ಬಾಗಿಲಿಂದಲೇ ಕೂಗಿದ್ಲು:

"ಊದಬ್ಯಾಡೋ ಹುಚ್ಚಾ! ಮೊದ್ಲ ನೀರು ಚಿಮುಕಿಸು. ಹಸಿ ಮಾಡಿದ್ರ ಧೂಳು ಏಳಂಗಿಲ್ಲ. ಬಾಯಿಗೆ ಅರಿವಿ ಕಟ್ಕೋ."

ನಾ ಹಂಗೇ ನಿಂತುಬಿಟ್ಟೆ. ಬ್ರೇಕ್ ಕೆಲಸ ಕಲಿಸೋ ಯಾವುದೇ ಒಳ್ಳೇ ಪುಸ್ತಕ ತಗೀರಿ, ಇದನ್ನೇ ಹೇಳ್ತದ. ಒಂದು ಕಾಲಕ್ಕೆ ಬ್ರೇಕ್ ಪ್ಯಾಡಿನಾಗ ಆಸ್ಬೆಸ್ಟಾಸ್ ಹಾಕ್ತಿದ್ರು. ಅದರ ನಾರು ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್ ತನಕ ಒಯ್ತದ. ಇಲ್ಲದ ಪ್ಯಾಡಿನ ಧೂಳೂ ಒಳ್ಳೇದಲ್ಲ. ಹಂಗಾಗಿ ಊದಬಾರದು, ಒಣ ಬ್ರಶ್ಶಿನಿಂದ ಉಜ್ಜಬಾರದು, ಹಸಿ ಮಾಡಿ ಒರೆಸಬೇಕು. ಅವ್ವ ಆ ಪುಸ್ತಕ ಓದಿಲ್ಲ. ಮೂವತ್ತು ವರ್ಷ ಧೂಳು ಕುಡಿದು ಕಲಿತಾಳ. ಆಕಿ ಮಾಡಿದ ಕೆಲಸದಾಗ ಇಷ್ಟು ತಿಳಿವಳಿಕೆ ಇತ್ತು ಅಂತ ಆಕಿಗೆ ಯಾರೂ ಹೇಳಿಲ್ಲ. ನಾನೂ ಹೇಳಿರಲಿಲ್ಲ.

ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಮೇಲೆ ಕಟ್ಟಿದೆ. ಪೈಪಿನ ಮೇಲೆ ಜೋತು ಬಿಟ್ರೆ ಪೈಪು ಹಾಳಾಗ್ತದ. ಪಿಸ್ಟನ್ ಹೊರಗ ತರೋಕೆ ಗ್ಯಾರೇಜಿನಾಗ ಗಾಳಿ ಹೊಡೀತಾರ. ಅದು ಗುಂಡಿನಂಗ ಹಾರಿ ಬೆರಳು ಮುರಿದದ್ದನ್ನ ನಾ ಕಣ್ಣಾರೆ ನೋಡೀನಿ. ನಾ ಹಂಗ ಮಾಡಲಿಲ್ಲ. ಪೈಪು ಇರೋವಾಗಲೇ ನಡುವ ಕಟ್ಟಿಗೆ ತುಂಡು ಇಟ್ಟು, ಮಗಳಿಗೆ ಸಾವಕಾಶ ಪೆಡಲ್ ಒತ್ತು ಅಂದೆ. ಪಿಸ್ಟನ್ ತಾನಾಗೇ ಜಾರಿ ಬಂತು. ಅಂಚಿನಾಗ ತುಕ್ಕು. ಮೇಲಿನ ಧೂಳು ತಡೆಯೋ ರಬ್ಬರ್ ಹರಿದು ಒಳಗ ನೀರು ಇಳಿದಿತ್ತು.

ಒಳಗ ಒಂದು ಚೌಕ ಅಂಚಿನ ರಬ್ಬರ್ ಸೀಲ್ ಇರ್ತದ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗ್ತದ, ಸೀಲು ಅದರ ಜೊತೆ ಚೂರು ತಿರುಚಿಕೊಳ್ತದ. ಪೆಡಲ್ ಬಿಟ್ಟಾಗ ಸೀಲು ಮೊದಲಿನ ಆಕಾರಕ್ಕೆ ಬರ್ತಾ ಪಿಸ್ಟನ್ನನ್ನ ಹಿಂದಕ್ಕ ಎಳೀತದ. ಕೂದಲೆಳೆಯಷ್ಟು ಹಿಂದೆ ಬಂದ್ರ ಸಾಕು, ಗಾಲಿ ಬಿಡುಗಡೆ. ಇಷ್ಟು ಭಾರದ ಗಾಡಿಯ ಬ್ರೇಕು ಬಿಡೋದು ಆ ಸಣ್ಣ ರಬ್ಬರಿನ ಮೇಲೆ ನಿಂತದ.

ಆ ರಬ್ಬರಿಗೆ ಡೀಸೆಲ್, ಸೀಮೆಎಣ್ಣೆ, ಸಾದಾ ಗ್ರೀಸು ಯಾವುದೂ ಆಗಿಬರಂಗಿಲ್ಲ. ತಾಗಿದ್ರೆ ಉಬ್ಬಿ ಮೆತ್ತಗಾಗ್ತದ. ಬ್ರೇಕ್ ಕ್ಲೀನರ್ ಇಲ್ಲಾ ಸ್ಪಿರಿಟ್‌ನಿಂದಲೇ ತೊಳೀಬೇಕು. ಜೋಡಿಸುವಾಗ ಹೊಸ ಬ್ರೇಕ್ ಆಯಿಲ್ ಸವರಬೇಕು.

ಇಲ್ಲಿಗೆ ನನ್ನ ಹಳೇ ಕಥೆ ಬರ್ತದ. ಹತ್ತನೇ ಕ್ಲಾಸು ಮುಗಿದ ಮೇಲೆ ಎರಡು ವರ್ಷ ನಾ ಒಂದು ಗ್ಯಾರೇಜಿನಾಗ ಇದ್ದೆ. ಹೆಸರು ಬ್ಯಾಡ. ನನ್ನ ಕೆಲಸ ಒಂದೇ: ತೊಳಿಯೋದು. ಸೀಮೆಎಣ್ಣೆ ಡಬ್ಬ್ಯಾಗ ಎಂಜಿನ್ ಸಾಮಾನು, ಬ್ರೇಕ್ ಸಾಮಾನು ಎಲ್ಲಾ ಹಾಕಿ ತಿಕ್ಕೋದು. ನನಗಿಂತ ಆರು ತಿಂಗಳು ತಡವಾಗಿ ಬಂದ ಹುಡುಗರು ಸೆಟ್ಟಿಂಗ್ ಕಲಿತರು, ಫಿಟ್ಟಿಂಗ್ ಕಲಿತರು. "ನಾನೂ ಜೋಡಸ್ತೀನಿ" ಅಂದ್ರೆ "ನೀ ತೊಳಿ, ನಿನಗ ಅದು ಚೊಲೋ ಬರ್ತದ" ಅಂತ ನಗ್ತಿದ್ರು. ಕರೆಂಟ್ ನೋಡೋ ಮೀಟರ್ ದೇವರ ಫೋಟೋದ ಕೆಳಗಿನ ಕಪಾಟಿನಾಗ ಇರ್ತಿತ್ತು. ಅದನ್ನ ನಾ ಮುಟ್ಟೋ ಹಂಗಿರಲಿಲ್ಲ. ಆಯುಧ ಪೂಜಿ ಮುನ್ನಾದಿನ ಅಷ್ಟೂ ಪಾನಾ ನಾನೇ ತೊಳೀತಿದ್ದೆ. ಮಾರನೇ ದಿನ ಪಾನಾಗಳಿಗೆ ಕುಂಕುಮ, ಹೂವು. ನನಗೆ ಹೊಸ್ತಿಲ ಹೊರಗ ಮೇಲಿಂದ ಹಾಕಿದ ಪ್ರಸಾದ.

ಈಗ ತಿಳೀತದ, ಸೀಮೆಎಣ್ಣೆಯಲ್ಲಿ ಬ್ರೇಕ್ ಸೀಲು ತೊಳಿಸಿದ ಆ ಗ್ಯಾರೇಜಿಗೆ ತೊಳಿಯೋದೂ ಬರ್ತಿರಲಿಲ್ಲ! ತೊಳಿಯೋದು ಕೀಳು ಕೆಲಸ ಅಂತ ಅದರ ಬಗ್ಗೆ ಯಾರೂ ತಲಿ ಕೆಡಿಸಿಕೊಳ್ಳಲಿಲ್ಲ. ಯಾವ ಕೆಲಸಕ್ಕೆ ಜಾತಿ ಅಂಟಿತೋ ಆ ಕೆಲಸದ ವಿದ್ಯೆ ಅಲ್ಲಿಗೇ ನಿಂತುಹೋಗ್ತದ.

ಬಾಬಾಸಾಹೇಬರು ಇದನ್ನ ನೋಡಿದ್ದರು. 1928ರ ಮುಂಬೈ ಗಿರಣಿ ಮುಷ್ಕರದಲ್ಲಿ ಅವರು ಎತ್ತಿದ ಪ್ರಶ್ನೆ ನೆನಪು ಮಾಡ್ಕೋರಿ. ಗಿರಣಿಯೊಳಗ ನಮ್ಮವರು ಇದ್ದರು, ಆದ್ರ ಹೆಚ್ಚು ಕೂಲಿ ಇದ್ದ ನೇಯ್ಗೆ ವಿಭಾಗಕ್ಕೆ ಮಾತ್ರ ಪ್ರವೇಶ ಇಲ್ಲ. ಯಾಕಂದ್ರ ಲಾಳಿಗೆ ನೂಲು ಪೋಣಿಸುವಾಗ ಬಾಯಿಂದ ಎಳೀಬೇಕಿತ್ತು. ನಮ್ಮವರ ಎಂಜಲು ತಾಗಿದ ನೂಲು ಮೈಲಿಗೆ. ಒಂದೇ ಗಿರಣಿ, ಒಂದೇ ಮುಷ್ಕರ, ಒಂದೇ ಕೆಂಪು ಬಾವುಟ, ಆದ್ರ ಒಂದು ಕೋಣೆ ಮುಚ್ಚಿದ್ದು. 1936ರಲ್ಲಿ ಅವರು ಬರೆದ ಮಾತಿನ ಅರ್ಥವೂ ಇದೇ: ಜಾತಿ ಬರೇ ಕೆಲಸವನ್ನ ಹಂಚೋದಿಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿ ಮೇಲೆ ಕೆಳಗೆ ಇಡ್ತದ.

ಇನ್ನೊಂದು ಸಂಗತಿ ಹುಬ್ಬಳ್ಳಿಯವರಾದ ನಾವು ಮರೀಬಾರದು. 1942ರಲ್ಲಿ ವೈಸ್‌ರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾದ ವರ್ಷವೇ ಬಾಬಾಸಾಹೇಬರು ಸರ್ಕಾರಕ್ಕೆ ಒಂದು ಮನವಿ ಕೊಟ್ಟರು. ಅದರಲ್ಲಿ ನಮ್ಮ ಹುಡುಗರಿಗೆ ಸರ್ಕಾರಿ ಮುದ್ರಣಾಲಯ ಮತ್ತು ರೈಲ್ವೆ ವರ್ಕ್‌ಶಾಪುಗಳಲ್ಲಿ ಅಪ್ರೆಂಟಿಸ್ ತರಬೇತಿ ಕೊಡ್ರಿ ಅಂತ ಕೇಳಿದರು. ನಮ್ಮ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪು 1880ರ ದಶಕದ್ದು. ಅಂಥ ಕಡೆ ನಮ್ಮವರು ಕಸ ಹೊಡೆಯೋಕಷ್ಟೇ ಅಲ್ಲ, ಯಂತ್ರ ಬಿಚ್ಚಿ ಜೋಡಿಸೋಕೂ ಹೋಗಬೇಕು ಅನ್ನೋದು ಅವರ ಆಸೆ. ಪೆನ್ನೂ ಬೇಕು, ಪಾನಾನೂ ಬೇಕು ಅಂದವರು ಅವರು.

ಮಧ್ಯಾಹ್ನ ಕ್ಯಾಲಿಪರಿನ ತುಕ್ಕು ತಂತಿ ಬ್ರಶ್ಶಿನಿಂದ ತಗದೆ. ಪಿಸ್ಟನ್ ತಿರುಗಾಡೋ ಒಳಭಾಗ, ಸೀಲಿನ ಗಾಡಿ, ಪಿನ್ನಿನ ತೂತು ಎಲ್ಲಕ್ಕೂ ಟೇಪು ಹಚ್ಚಿ ಮುಚ್ಚಿ, ಕಾವು ತಡಿಯೋ ಪೇಂಟನ್ನ ತೆಳ್ಳಗ ಮೂರು ಸಲ ಹೊಡದೆ. ಪಿಸ್ಟನ್ನಿನ ತುಕ್ಕು ಪಾಲಿಶ್ ಪೇಪರಿಗೆ ಹೋಗೋ ಹಂಗಿರಲಿಲ್ಲ, ಹೊಸದೇ ತಂದೆ. ಸೀಲು, ರಬ್ಬರು, ತಾಮ್ರದ ವಾಷರ್ ಎಲ್ಲಾ ಹೊಸವು. ಇದರಾಗ ಜಿಪುಣತನ ಮಾಡಬಾರದು. ಜಾರು ಪಿನ್ನಿಗೆ ಸಿಲಿಕೋನ್ ಗ್ರೀಸ್. ಎಡಕ್ಕ ಮಾಡಿದ್ದನ್ನ ಬಲಕ್ಕೂ ಮಾಡಿದೆ.

ಆಮೇಲೆ ಡೈನಮೋ. ಪುಸ್ತಕದಾಗ ಆಲ್ಟರ್ನೇಟರ್ ಅಂತಾರ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ಮೇಲೆ ಸುಮಾರು 14 ವೋಲ್ಟ್ ಇರಬೇಕು. ನಮ್ಮದು 12ಕ್ಕೆ ಇಳಿದಿತ್ತು. ಬ್ಯಾಟರಿಯ ಮೈನಸ್ ವೈರು ಮೊದಲು ಬಿಚ್ಚಿ, ಬೆಲ್ಟ್ ತಗದು, ಡೈನಮೋ ಕೆಳಗ ಇಳಿಸಿದೆ. ಎರಡು ಹೋಳು ಬಿಡಿಸೋ ಮೊದಲು ಮೊಳೆಯಿಂದ ಒಂದು ಗೀಟು ಹಾಕಿದೆ, ವಾಪಸ್ ಜೋಡಿಸುವಾಗ ಸರಿಯಾಗಿ ಕೂಡಬೇಕಲ್ಲ. ಒಳಗ ನೋಡಿದ್ರೆ ಕಾರ್ಬನ್ ಎರಡೂ ಸವೆದು ಮೋಟಾಗಿದ್ದವು. ಅವು ತಾಗೋ ತಾಮ್ರದ ರಿಂಗು ಕರ್ರಗಾಗಿತ್ತು. ಇಷ್ಟೇ ರೋಗ. ಇದಕ್ಕ ಪೂರಾ ಬದಲಿ ಅಂದಿದ್ರು!

ಡಯೋಡು ನೋಡೋದು ಉಳಿದಿತ್ತು. ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದು ಅವುಗಳ ಕೆಲಸ. ಮೀಟರಿನ ಕಡ್ಡಿ ಒಂದು ಕಡೆ ಇಟ್ರೆ ತೋರಿಸಬೇಕು, ಅದಲುಬದಲು ಮಾಡಿದ್ರೆ ತೋರಿಸಬಾರದು. ಮೀಟರ್ ನಾನೇ ಕೊಂಡದ್ದು. ಮಗಳ ಕೈಗೆ ಕೊಟ್ಟೆ. ಈ ವರ್ಷ ಆಕಿ ಹತ್ತನೇತ್ತೆ. ಆಟೊಮೊಬೈಲ್ ಡಿಪ್ಲೊಮಾ ಮಾಡ್ತೀನಿ ಅಂತಾಳ. ಬೀಗರೆಲ್ಲ "ಹೆಣ್ಣುಡುಗಿ, ಅದೂ ಮತ್ತ ಹೊಲಸು ಕೆಲಸ" ಅಂತ ಮೂಗು ಮುರೀತಾರ. ನಾನೂ ಒಳಗೊಳಗ ಹಿಂದೆಮುಂದೆ ನೋಡ್ತಿದ್ದೆ.

"ಅಪ್ಪಾ, ಇದು ಸರಿ ಐತಿ... ಇದೂ ಸರಿ... ಎಲ್ಲಾ ಸರಿ ಅದಾವ" ಅಂತ ಒಂದೊಂದೇ ಹೇಳಿದ್ಲು. ನಾ ಮುಟ್ಟದ ಆ ಮೀಟರ್ ನೆನಪಾಗಿ ಗಂಟಲು ಕಟ್ಟಿತು. ಮಸಿ ಕೈಯಿಂದ ಕಣ್ಣು ಒರೆಸಿಕೊಳ್ಳೋಕೂ ಆಗಲಿಲ್ಲ.

ರಿಂಗು ಸಣ್ಣ ಪಾಲಿಶ್ ಪೇಪರಿನಿಂದ ಉಜ್ಜಿ, ಹೊಸ ಕಾರ್ಬನ್, ಹೊಸ ಬೇರಿಂಗ್ ಹಾಕಿದ್ವಿ. ಮೇಲಿನ ಅಲ್ಯೂಮಿನಿಯಂ ಮೈ ತಿಕ್ಕಿ ಬೆಳ್ಳಗ ಮಾಡಿದ್ವಿ, ಪೇಂಟ್ ಹೊಡೀಲಿಲ್ಲ. ಡೈನಮೋದ ಅರ್ಥಿಂಗ್ ಅದರ ಮೈಯಿಂದಲೇ ಹೋಗ್ತದ, ಬೋಲ್ಟ್ ಕೂಡೋ ಜಾಗಕ್ಕೆ ಬಣ್ಣ ಬಳಿದ್ರೆ ಕರೆಂಟಿಗೆ ದಾರಿ ಇಲ್ಲ.

ಸಂಜೀಗೆ ಬ್ರೇಕಿನ ಗಾಳಿ ತಗಿಯೋದು. ಮಗಳು ಪೆಡಲ್ ಮೇಲೆ, ನಾ ನಿಪ್ಪಲ್ ಹತ್ರ. "ಒತ್ತು", "ಒತ್ತೀನಿ", "ಹಂಗೇ ಹಿಡಿ". ಗುಳ್ಳಿ ನಿಲ್ಲೋ ತನಕ. ಪೆಡಲ್ ಗಟ್ಟಿ ಆದ ಮೇಲೇ ಗಾಡಿ ಅಲುಗಿಸಿದ್ದು. ಒಂದು ಮಾತು ನೆನಪಿಡ್ರಿ: ಇದು ಬ್ರೇಕು. ಮೊದಲ ಸಲ ಮಾಡೋರು ಗೊತ್ತಿದ್ದವರನ್ನ ಬಾಜೂಕ ಕೂರಿಸ್ಕೊಂಡೇ ಮಾಡ್ರಿ, ಖಾಲಿ ಜಾಗದಾಗ ಸಾವಕಾಶ ಹೊಡದು ನೋಡ್ರಿ. ಚಾಲೂ ಮಾಡಿ ಮೀಟರ್ ಇಟ್ರೆ 14.1. ಕೆಂಪು ದೀಪ ಹೋತು. ಬ್ರೇಕು ನೆಟ್ಟಗ ಹಿಡೀತು, ನೆಟ್ಟಗ ಬಿಡ್ತು.

ಕೈ ತೊಳ್ಕೊಳ್ಳೋವಾಗ ಅವ್ವ ನೀರು ಹಾಕಿದ್ಲು. "ಅವ್ವಾ, ನೀ ಧೂಳಿನ ಮಾತು ಹೇಳಿದ್ಯಲ್ಲ, ಅದು ಪುಸ್ತಕದಾಗೂ ಐತಿ" ಅಂದೆ. ನಂಬಲಿಲ್ಲ. "ನನ್ನಂಥಾಕಿ ಮಾತು ಯಾವ ಪುಸ್ತಕದಾಗ ಬರೀತಾರ?" ಅಂದ್ಲು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಮ್ಮಗಳ ಕಡೆ ನೋಡಿ ಹೇಳಿದ್ಲು:

"ಕಲಸೂದಾದ್ರ ಪೂರಾ ಕಲಸು. ಬರೇ ತೊಳಿಯೂದು ಕಲಸಬ್ಯಾಡ."

ಡಿಪ್ಲೊಮಾ ಅರ್ಜಿ ಬಿಟ್ಟ ದಿನವೇ ಹಾಕ್ತೀವಿ. ಈ ಸಲ ವಿಜಯದಶಮಿಗೆ, ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಬುದ್ಧನ ದಾರಿ ಹಿಡಿದ ಹಬ್ಬದ ದಿನ, ನಮ್ಮನ್ಯಾಗ ಪಾನಾಗೆ ಕುಂಕುಮ ಹಚ್ಚೋದಿಲ್ಲ. ಪಾನಾ ಮಗಳ ಕೈಗೆ ಕೊಡ್ತೀವಿ. ನಿಮ್ಮ ಕೇರಿಯಾಗ ಗ್ಯಾರೇಜಿಗೆ ಹೋಗೋ ಹುಡುಗರು ಇದ್ರೆ ಒಂದು ಪ್ರಶ್ನೆ ಕೇಳ್ರಿ: ನೀ ಅಲ್ಲಿ ತೊಳೀತಿಯೋ, ಜೋಡಸ್ತಿಯೋ? ತೊಳೀತೀನಿ ಅಂತಷ್ಟೇ ಅಂದ್ರ ಭಾನುವಾರ ನಮ್ಮ ಅಂಗಳಕ್ಕ ಕಳಸ್ರಿ. ಹಳೇ ಡೈನಮೋ ಒಂದು ಇಟ್ಟೀನಿ, ಬಿಚ್ಚಾಕ. ಮೀಟರಿನ ಕಪಾಟಿಗೆ ಕೀಲಿ ಇಲ್ಲ.

ಜೈ ಭೀಮ್.