ಹುಳಿ ಹಿಡಿದ ಧೋತರ

ನಮ್ಮ ಗದಗ ಸೀಮೆಯ ಎರಿ ಹೊಲಗಳಲ್ಲಿ ಮಾಗಿ ಬಂದದ್ದು ಮೊದಲು ಕಾಲಿಗೆ ಗೊತ್ತಾಗುತ್ತದೆ. ನಸುಕಿನಲ್ಲಿ ಕಡಲೆ ಸಾಲಿನ ನಡುವೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಮೀನಗಂಡವೆಲ್ಲ ತೊಯ್ದು ಆಮೇಲೆ ಸಣ್ಣಗೆ ಉರಿಯತೊಡಗುತ್ತದೆ. ತಣ್ಣನೆಯ ಮಂಜಿಗೆ ಈ ಉರಿ ಎಲ್ಲಿಂದ ಬಂತು ಎಂದು ಚಿಕ್ಕವನಿದ್ದಾಗ ಅವ್ವನನ್ನು ಕೇಳಿದ್ದೆ. ಅವಳು ಎಲೆಯ ಮೇಲೆ ಬೆರಳೆಳೆದು ನನ್ನ ನಾಲಿಗೆಗೆ ಹಚ್ಚಿದಳು. ಹುಣಸೆಗಿಂತ ಚೂಪಾದ ಹುಳಿ.

ಕಡಲೆ ಗಿಡದ ಮೈತುಂಬ ಸಣ್ಣ ರೋಮಗಳಿವೆ. ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳು ಅವುಗಳಿಂದಲೇ ಒಸರುತ್ತವೆ. ರಾತ್ರಿ ಬಿದ್ದ ಇಬ್ಬನಿಯಲ್ಲಿ ಅವು ಕರಗಿ, ಇಬ್ಬನಿಯೇ ಹುಳಿಯಾಗುತ್ತದೆ. ಹಿಂಗಾರಿ ಬಿತ್ತಿದ ಮೇಲೆ ಮಳೆಯನ್ನು ನಂಬುವಂತಿಲ್ಲ. ಕರಿಮಣ್ಣು ಬಚ್ಚಿಟ್ಟುಕೊಂಡ ತೇವ, ಮೇಲಿನ ಮಂಜು, ಇಷ್ಟರಲ್ಲೇ ಬಿಳಿಜೋಳ, ಕಡಲೆ ಕೈಗೆ ಬರಬೇಕು. ಆ ಮಂಜಿನಲ್ಲೇ ಅವ್ವ ತನ್ನ ಪಾಲು ತೆಗೆದುಕೊಳ್ಳುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವನ ಧೋತರಗಳನ್ನೆಲ್ಲ ಯಾರುಯಾರಿಗೋ ಕೊಟ್ಟಳು, ಒಂದನ್ನು ಇಟ್ಟುಕೊಂಡಳು. ಸಬಕಾರ ತಾಗಿಸದೆ ಒಗೆದ ಆ ಧೋತರವನ್ನು ಬೆಳಗಿನ ಜಾವ ಗಿಡಗಳ ಮೇಲೆ ಹಾಸುತ್ತಿದ್ದೆವು. ಅದು ನೆನೆದು ಭಾರವಾದಾಗ ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ತಿರುವಿ, ಚೀನಿ ಭರಣಿಗೆ ಹಿಂಡುತ್ತಿದ್ದೆವು. ತಾಮ್ರ, ಹಿತ್ತಾಳೆ ಸಲ್ಲದು. "ಲಗೂ ಹಿಂಡು ತಮ್ಮಾ, ಹೊತ್ತು ಏರಿತಂದ್ರ ಹೊಲಾನ ಕುಡದು ಬಿಡತೈತಿ" ಎನ್ನುತ್ತಿದ್ದಳು. ಹೊಟ್ಟೆನೋವು, ಅಜೀರ್ಣ ಎಂದು ಓಣಿಯವರು ವರ್ಷವಿಡೀ ಬಟ್ಟಲು ಹಿಡಿದು ಬರುತ್ತಿದ್ದರು. ಭರಣಿ ಬರಿದಾದರೆ, ಒಣಗಿಸಿಟ್ಟ ಧೋತರದ ಅಂಚನ್ನೇ ನೀರಲ್ಲಿ ಅದ್ದಿ ಕೊಡುತ್ತಿದ್ದಳು. ವರ್ಷ ಕಳೆದಂತೆ ಆ ಬಟ್ಟೆ ಹಪ್ಪಳದಂತೆ ಬಿರುಸಾಯಿತು.

ಮುಂದೆ ನಾನು ಹಕ್ಕಿಗಳ ಬೆನ್ನು ಹತ್ತಿದೆ. ಹಿಮಾಲಯ ದಾಟಿ ನಮ್ಮ ಸೀಮೆಯ ಮಾಗಡಿ ಕೆರೆಗೆ ಇಳಿಯುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಎಷ್ಟು ಬರೆದೆನೋ ಲೆಕ್ಕವಿಲ್ಲ. 2024ರಲ್ಲಿ ಆ ಕೆರೆ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ದಿನ ಮನೆಯಲ್ಲಿ ಹಬ್ಬ ಮಾಡಿದ್ದೇನೆ. ಆದರೆ ಅವ್ವನ ಹುಳಿಯ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಸಾವಿರಾರು ಮೈಲಿ ಹಾರಿ ಬಂದದ್ದು ಕಂಡಿತು, ಮನೆಯ ಹಿಂದಿನ ಹೊಲದಲ್ಲಿ ಪ್ರತಿ ರಾತ್ರಿ ಇಳಿಯುತ್ತಿದ್ದದ್ದು ಕಾಣಲಿಲ್ಲ. ಈ ಕೊರಗು ನನ್ನನ್ನು ಬಿಟ್ಟಿಲ್ಲ.

ಹಕ್ಕಿಗಳು ಈಗಲೂ ಬರುತ್ತವೆ. ಥಂಡಿಯೂ ಬರುತ್ತದೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವವರೂ ಇದ್ದಾರೆ. ಹುಳಿ ಹಿಡಿಯುವವರು ಮಾತ್ರ ನಮ್ಮೂರಲ್ಲಿ ಯಾರೂ ಉಳಿದಿಲ್ಲ. ಕಾಯಿಕೊರಕ ಹುಳುವಿಗೆಂದು ಕಡಲೆಗೆ ಮತ್ತೆ ಮತ್ತೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ಅದು ಬಿದ್ದ ಎಲೆಯ ಮಂಜನ್ನು ಕುಡಿಯುವುದು ಹೇಗೆ? ಆ ಹುಳುವಿಗೆ ಗಿಡ ತಾನೇ ಒಡ್ಡಿದ ಕಾವಲೂ ಈ ಹುಳಿಯೇ. ಹೆಚ್ಚು ಆಮ್ಲದ ತಳಿಗಳಲ್ಲಿ ಹುಳು ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ರೈತರನ್ನು ನಾನು ದೂರುವುದಿಲ್ಲ. ಸಾಲ ಮಾಡಿ ಬಿತ್ತಿದವನು ಕಾಯಿಗೆ ತೂತು ಬೀಳುವುದನ್ನು ನೋಡುತ್ತ ಕೂಡಲಾರ.

ಅವ್ವ ಹೋದದ್ದು ಒಂದು ಪುಷ್ಯದಲ್ಲಿ, ಕಡಲೆ ಕಾಯಿಗಟ್ಟುವ ಹೊತ್ತಿಗೆ. ಟ್ರಂಕಿನಲ್ಲಿ ಆ ಧೋತರ ಸಿಕ್ಕಿತು. ಬಿಚ್ಚಹೋದರೆ ಮಡಿಕೆ ಮಡಿಕೆಗೆ ಸೀಳಿತು. ಒಂದು ಚೂರನ್ನು ಬಟ್ಟಲ ನೀರಲ್ಲಿ ಅದ್ದಿ ಕುಡಿದೆ. ಹುಳಿ ಇನ್ನೂ ಇತ್ತು.

ಈ ಚಳಿಯಲ್ಲಿ ಸುಲಗಾಯಿ ತಿನ್ನಲು ಎರಿ ಹೊಲಗಳ ಕಡೆ ಹೋಗುವವರಿದ್ದರೆ ಒಂದು ಬಿಳಿ ಬಟ್ಟೆ ಒಯ್ಯಿರಿ. ಎಣ್ಣಿ ಹೊಡೆಯದ ಸಾಲು ಯಾವುದೆಂದು ಹೊಲದವರನ್ನು ಕೇಳಿ. ಕೇಳುವವರಿದ್ದಾರೆ ಎಂದು ತಿಳಿದರೆ, ಬರುವ ಮಾಗಿಗೆ ಯಾರಾದರೂ ನಾಲ್ಕು ಸಾಲು ಹಾಗೇ ಬಿಟ್ಟಾರು.