ಯಕೃತ್ತಿನ ಮಾರ್ದನಿ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ, ಬರುವ ಸದ್ದನ್ನು ಆಲಿಸಿ, ಬಿರುಕಿದೆಯೇ ಇಲ್ಲವೇ ಎಂದು ನಿರ್ಧರಿಸುತ್ತಾರೆ. ಹಲಸಿನ ಹಣ್ಣಿಗೂ ಇದೇ ಪರೀಕ್ಷೆ. ವೈದ್ಯಶಾಸ್ತ್ರಕ್ಕೂ ಈ ಲೋಕರೂಢಿ ಅಪರಿಚಿತವಲ್ಲ. ಚರಕಸಂಹಿತೆಯ ಉದರರೋಗಗಳ ಪ್ರಕರಣದಲ್ಲಿ, ವಾತೋದರವಿರುವವನ ಹೊಟ್ಟೆಯನ್ನು ತಟ್ಟಿದರೆ ಗಾಳಿ ತುಂಬಿದ ತೊಗಲಿನ ಚೀಲದಂತೆ ಸದ್ದಾಗುತ್ತದೆ ಎಂಬ ಲಕ್ಷಣವನ್ನು ಹೇಳಲಾಗಿದೆ. ಯುರೋಪಿನಲ್ಲಿ ಎದೆಯನ್ನು ತಟ್ಟಿ ರೋಗವನ್ನರಿಯುವ ಕ್ರಮವನ್ನು 1761ರಲ್ಲಿ ಗ್ರಂಥರೂಪಕ್ಕೆ ತಂದ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್ ಒಬ್ಬ ಛತ್ರದೊಡೆಯನ ಮಗ. ದ್ರಾಕ್ಷಾರಸದ ಪೀಪಾಯಿಗಳನ್ನು ತಟ್ಟಿ ಅದೆಷ್ಟು ತುಂಬಿದೆಯೆಂದು ತಿಳಿಯುವ ಬಗೆಯನ್ನು ಆತ ಬಾಲ್ಯದಲ್ಲಿ ಕಂಡಿದ್ದನೆಂಬ ಮಾತು ಪ್ರಚಲಿತವಾಗಿದೆ.

ಇಂದು ಊರೂರಿನ ಆಸ್ಪತ್ರೆಗಳಲ್ಲಿ ನಡೆಯುವ ‘ಸ್ಕ್ಯಾನಿಂಗ್’ ಈ ತಟ್ಟುವಿಕೆಯ ವಂಶಕ್ಕೇ ಸೇರಿದ್ದು. ತಟ್ಟುವ ಬೆರಳಿನ ಸ್ಥಾನದಲ್ಲಿ ಸ್ಫಟಿಕವಿದೆ, ಅಷ್ಟೆ. ಒತ್ತಿದರೆ ವಿದ್ಯುತ್ತನ್ನು ಹೊಮ್ಮಿಸುವ ಸ್ಫಟಿಕಗಳ ಗುಣವನ್ನು ಕ್ಯೂರಿ ಸೋದರರು ಕಂಡದ್ದು 1880ರಲ್ಲಿ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗಡ್ಡೆಗಳ ಧ್ವನಿಚಿತ್ರಗಳನ್ನು ಪ್ರಕಟಿಸಿದ್ದು 1958ರಲ್ಲಿ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳಾಚೆಗೆ ಕಿವುಡು. ಹೊಟ್ಟೆಯ ಪರೀಕ್ಷೆಗೆ ಬಳಸುವ ಧ್ವನಿಯದು ಸಾಮಾನ್ಯವಾಗಿ 20ರಿಂದ 50 ಲಕ್ಷ ಕಂಪನಗಳು. ಮೃದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಿಂದ ಅದು ಸಾಗಿ, ಎಡರಿದಲ್ಲೆಲ್ಲ ಅಲ್ಪಾಂಶ ಹಿಂದಿರುಗುತ್ತದೆ. ತಡವಾಗಿ ಬಂದ ಮಾರ್ದನಿ ಆಳದ್ದು. ಬಲವಾಗಿ ಬಂದದ್ದು ತೆರೆಯ ಮೇಲೆ ಬೆಳ್ಳಗೆ ತೋರುತ್ತದೆ.

ಯಕೃತ್ತಿನ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ಸೇರಿದಾಗ ಧ್ವನಿಗೆ ಎರಡು ಗತಿಗಳುಂಟು. ಹನಿಹನಿಗೂ ಚದರಿ ಹೆಚ್ಚು ಹಿಂದಿರುಗುವುದರಿಂದ ಯಕೃತ್ತಿನ ಮೇಲುಭಾಗ ಬೆಳಗುತ್ತದೆ; ಅದೇ ಕಾರಣಕ್ಕೆ ಒಳಹೋಗುವ ಧ್ವನಿ ಬಡವಾಗಿ ಆಳದ ಭಾಗ ಮಬ್ಬಾಗುತ್ತದೆ. ಆದರೆ ಎಷ್ಟು ಬೆಳಗಿದರೆ ‘ಹೆಚ್ಚು’? ಯಂತ್ರದ ಗುಂಡಿಯೊಂದನ್ನು ತಿರುಗಿಸಿದರೆ ಚಿತ್ರವೆಲ್ಲ ಬೆಳಗುತ್ತದೆ. ಆದುದರಿಂದ ವೈದ್ಯರು ಪಕ್ಕದ ಬಲಮೂತ್ರಪಿಂಡವನ್ನು ಒರೆಗಲ್ಲಾಗಿ ಹಿಡಿಯುತ್ತಾರೆ. ಅಲಂಕಾರಶಾಸ್ತ್ರದ ಭಾಷೆಯಲ್ಲಿ ಯಕೃತ್ತು ಉಪಮೇಯ, ಮೂತ್ರಪಿಂಡ ಉಪಮಾನ, ಬಿಳುಪು ಸಾಧಾರಣಧರ್ಮ. ಯಕೃತ್ತು ಮೂತ್ರಪಿಂಡಕ್ಕಿಂತ ತುಸು ಬೆಳ್ಳಗಿದ್ದು ಉಳಿದುದೆಲ್ಲ ಸ್ಪಷ್ಟವಾಗಿದ್ದರೆ ಮೊದಲ ಹಂತ. ಒಳಗಿನ ರಕ್ತನಾಳಗಳ ಅಂಚು ಮಸುಕಾದರೆ ಎರಡನೆಯದು. ಹಿಂಬದಿಯ ವಪೆಯೇ ಕಾಣದಾದರೆ ಮೂರನೆಯದು. ಉಪಮಾನವೇ ಕೆಟ್ಟಿದ್ದರೆ, ಅಂದರೆ ಮೂತ್ರಪಿಂಡವೇ ರೋಗದಿಂದ ಬಿಳುಪೇರಿದ್ದರೆ, ಹೋಲಿಕೆ ನಿಲ್ಲದು. ಜೀವಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಕಂಡರೆ ರೋಗವೆಂದು ಶಾಸ್ತ್ರ ಹೇಳಿದರೂ, ಈ ಕಣ್ಣಳತೆ ನೆಚ್ಚಿಕೆಗೆ ಯೋಗ್ಯವಾಗುವುದು ಅದು ಶೇ. 20–30ನ್ನು ಮುಟ್ಟಿದ ಮೇಲೆಯೇ. ವರದಿಯಲ್ಲಿ ‘ಸಹಜ’ ಎಂದಿರುವುದಕ್ಕೆ ‘ಇಲ್ಲ’ ಎಂದು ಅರ್ಥ ಮಾಡಬಾರದು.

ಪಿತ್ತಕೋಶದ ಕಲ್ಲಿನ ಶಂಕೆಯಿಂದ ಸ್ಕ್ಯಾನಿಂಗಿಗೆ ಹೋದ ನಿವೃತ್ತ ಶಾಲಾಮಾಸ್ತರರೊಬ್ಬರಿಗೆ ಕಲ್ಲಿನ ಬದಲು ‘ಫ್ಯಾಟಿ ಲಿವರ್, ಮೊದಲ ಹಂತ’ ಎಂಬ ಸಾಲು ದೊರಕಿತು. ಮದ್ಯವನ್ನು ಕಣ್ಣೆತ್ತಿಯೂ ನೋಡದ ಕೃಶದೇಹಿ ಅವರು. ಮನೆಯಲ್ಲಿ ಹೆಂಡತಿಯ ತಮ್ಮ ನಗುತ್ತ, “ಭಾವ, ಯಾವಾಗ ಶುರು ಮಾಡಿದಿರಿ, ನಮಗೆ ಹೇಳಲೇ ಇಲ್ಲ” ಎಂದ. ಎಲ್ಲರೂ ನಕ್ಕರು, ಮಾಸ್ತರರು ನಗಲಿಲ್ಲ. ಮರುದಿನ ಆ ವರದಿ ಬೀರುವಿನಲ್ಲಿ, ಹಳೆಯ ಕಂದಾಯದ ರಸೀದಿಗಳ ಕೆಳಗೆ ಸೇರಿತು; ಎರಡು ವರ್ಷ ಅದನ್ನು ಯಾವ ವೈದ್ಯರಿಗೂ ಅವರು ತೋರಿಸಲಿಲ್ಲ. ಕನ್ನಡದಲ್ಲಂತೂ ‘ಕೊಬ್ಬು’ ಎಂದರೆ ಸೊಕ್ಕೂ ಹೌದು, ಅವಮಾನಕ್ಕೆ ಬೇರೆ ಮಾತು ಬೇಕಿಲ್ಲ. 2023ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಒಕ್ಕೂಟಗಳು ಈ ರೋಗದ ಇಂಗ್ಲಿಷ್ ಹೆಸರನ್ನೇ ಬದಲಿಸಿ, ಮದ್ಯದ ಉಲ್ಲೇಖವನ್ನೂ ‘ಫ್ಯಾಟಿ’ ಎಂಬ ಪದವನ್ನೂ ಕೈಬಿಟ್ಟು, ಚಯಾಪಚಯದ ದೋಷವನ್ನು ಮುಂದಿಟ್ಟವು. ಹೆಸರು ಬದಲಾದ ಸುದ್ದಿ ಇನ್ನೂ ಬಹುತೇಕ ಮನೆಗಳನ್ನು ತಲುಪಿಲ್ಲ.

ಕಣ್ಣಳತೆಯನ್ನು ಅಂಕಿಗೆ ಇಳಿಸುವ ಯತ್ನವೂ ನಡೆದಿದೆ. ಫೈಬ್ರೋಸ್ಕ್ಯಾನ್ ಯಂತ್ರದಲ್ಲಿ ‘ಸಿ.ಎ.ಪಿ.’ ಎಂಬ ಅಳತೆಯಿದೆ: ಯಕೃತ್ತನ್ನು ಹಾಯುವಾಗ ಧ್ವನಿ ಎಷ್ಟು ಬಡವಾಗುತ್ತದೆ ಎಂಬುದನ್ನು ಮೀಟರಿಗೆ ಡೆಸಿಬಲ್ ಲೆಕ್ಕದಲ್ಲಿ, 100ರಿಂದ 400ರೊಳಗೆ ಅದು ಹೇಳುತ್ತದೆ. ಮೂರು ಗಂಟೆ ಉಪವಾಸವಿದ್ದು, ಪಕ್ಕೆಲುಬಿನ ನಡುವೆ ಕನಿಷ್ಠ ಹತ್ತು ಬಾರಿ ಅಳೆಸಿಕೊಂಡು ಪಡೆಯುವ ಈ ಅಂಕಿಯ ಮುಂದೆ ಸಂಶಯಕ್ಕೆ ಎಡೆಯಿಲ್ಲವೆಂದು ತೋರುತ್ತದೆ. ಇಲ್ಲಿಯೇ ಹಸ್ತಪ್ರತಿಗಳ ಒಡನಾಡಿಗಳಿಗೆ ಪರಿಚಿತವಾದ ತೊಡಕು ಎದುರಾಗುತ್ತದೆ: ಪಾಠಾಂತರ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದು ಮೂರು ಹಂತಗಳ ಗಡಿಗಳನ್ನು 248, 268, 280 ಎಂದು ಹಾಕಿತು. 2019ರಲ್ಲಿ ಬ್ರಿಟನ್ನಿನ ಏಳು ಕೇಂದ್ರಗಳ ಅಧ್ಯಯನ ಅವೇ ಗಡಿಗಳನ್ನು 302, 331, 337 ಎಂದಿತು. 290 ಎಂಬ ಅಂಕಿ ಬಂದವನು ಮೊದಲ ಪಾಠದಲ್ಲಿ ತೀವ್ರರೋಗಿ. ಎರಡನೆಯದರಲ್ಲಿ ಮೊದಲ ಹಂತಕ್ಕೂ ಏರದವನು. ಎರಡೂ ತಪ್ಪಲ್ಲ. ಮೊದಲನೆಯದರಲ್ಲಿ ವೈರಸ್ ಕಾಮಾಲೆಯವರೂ ಸೇರಿದಂತೆ ನಾನಾ ಬಗೆಯ ರೋಗಿಗಳಿದ್ದರು, ಎರಡನೆಯದರಲ್ಲಿ ಕೊಬ್ಬಿನ ಶಂಕೆಯವರು ಮಾತ್ರ. ಯಾವ ಪ್ರತಿಯನ್ನು ಯಾರಿಗಾಗಿ ಬರೆದರೆಂದು ಕೇಳದೆ ಪಾಠನಿರ್ಣಯ ಮಾಡುವಂತಿಲ್ಲ.

ಹಾಗಾದರೆ ಮೂಲಪ್ರತಿ ಯಾವುದು? ಸೂಜಿಯಿಂದ ತೆಗೆದ ಚೂರು ಎನ್ನುತ್ತಾರೆ. ಅದು ಯಕೃತ್ತಿನ ಸುಮಾರು 50,000ದಲ್ಲೊಂದು ಭಾಗ, ಒಂದು ಬೃಹತ್ಕಾವ್ಯದ ಒಂದೆರಡು ಅಕ್ಷರಗಳಷ್ಟು. ಎಂ.ಆರ್.ಐ. ಇಡೀ ಅಂಗದ ಕೊಬ್ಬನ್ನು ಇನ್ನೂ ನಿಖರವಾಗಿ ಅಳೆಯಬಲ್ಲದು, ಆದರೆ ಅದರ ವೆಚ್ಚ ಮಾಸ್ತರರ ಪಿಂಚಣಿಗೆ ನಿಲುಕುವಂಥದಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಯಕೃದ್ರೋಗದಿಂದ ಆಯುಷ್ಯಕ್ಕೆ ಬರುವ ಕುತ್ತನ್ನು ಹೆಚ್ಚಾಗಿ ಸೂಚಿಸುವುದು ಕೊಬ್ಬಲ್ಲ, ಅದರ ಹಿಂದೆ ಬರುವ ನಾರುಗಟ್ಟುವಿಕೆ. ಫೈಬ್ರೋಸ್ಕ್ಯಾನ್ ಯಕೃತ್ತಿನ ಗಡಸುತನವನ್ನು ಕಿಲೋಪ್ಯಾಸ್ಕಲ್‌ಗಳಲ್ಲಿ ಅಳೆದು ಅದರ ಸುಳಿವನ್ನೂ ಕೊಡುತ್ತದೆ. ವರದಿಯ ಅದೇ ಹಾಳೆಯಲ್ಲಿ ಆ ಎರಡನೆಯ ಅಂಕಿಯೂ ಇರುತ್ತದೆ. ಮನೆಯವರು ಗಟ್ಟಿಯಾಗಿ ಓದುವುದು ಕೊಬ್ಬಿನದನ್ನು.