ಸದ್ದಿಲ್ಲದ ಏರ್‌ಗನ್‌ಗಾಗಿ ತುಮಕೂರು–ಗುಬ್ಬಿ–ಕುಣಿಗಲ್ ಸುತ್ತು

ತುಮಕೂರಿನ ಹಳೇ ಬಡಾವಣೆಗಳಲ್ಲಿ 30–40ರ ಸೈಟ್ ಅಂದ್ರೆ ಯಾರಿಗೂ ವಿವರಿಸಬೇಕಿಲ್ಲ. ಆದರೆ ಆ 40 ಅಡಿ ಉದ್ದದಲ್ಲಿ ಒಲಿಂಪಿಕ್ಸ್‌ನ ಒಂದು ಸ್ಪರ್ಧೆಯೇ ಹಿಡಿಸುತ್ತೆ ಅನ್ನೋದು ನನಗೂ ಇತ್ತೀಚಿನವರೆಗೆ ಹೊಳೆದಿರಲಿಲ್ಲ. 10 ಮೀಟರ್ ಏರ್ ರೈಫಲ್‌ಗೆ ಬೇಕಾದ ಜಾಗ ಹೆಚ್ಚುಕಮ್ಮಿ 33 ಅಡಿ. ಎಸ್‌ಐಟಿ ಹತ್ತಿರದ ನಮ್ಮಣ್ಣನ ಮನೆಯಲ್ಲಿ ಹಿತ್ತಲ ಬಾಗಿಲು, ಅಡುಗೆಮನೆ, ಹಾಲ್ ಎಲ್ಲಾ ಒಂದೇ ಗೆರೆಯಲ್ಲಿವೆ. ವಾಸ್ತು ನೋಡಿ ಕಟ್ಟಿಸಿದ್ದು ಹೀಗೆ ಉಪಯೋಗಕ್ಕೆ ಬಂತು. ಮುಂಬಾಗಿಲಿಗೆ ಬೀಗ ಹಾಕಿ, ಹಾಲ್‌ನ ಗೋಡೆಗೆ 1.4 ಮೀಟರ್ ಎತ್ತರದಲ್ಲಿ ಡಬ್ಬ ತೂಗಿಹಾಕಿ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ ನಿಂತ್ರೆ ರೇಂಜ್ ರೆಡಿ.

ಹಾಗೆ ನಿಲ್ಲೋದು ಅಣ್ಣನ ಮಗಳು. ಪಿಯುಸಿ ಓದ್ತಾಳೆ. ಭಾನುವಾರ ಬೆಂಗಳೂರಿನ ಕ್ಲಬ್ಬಿಗೆ ಬಂದು ಅಲ್ಲಿನ ಮ್ಯಾಚ್ ರೈಫಲ್‌ನಲ್ಲಿ ಹೊಡೀತಾಳೆ. ಸ್ವಂತಕ್ಕೆ ಅಂಥದ್ದು ಕೊಳ್ಳಬೇಕಾದ್ರೆ ಲಕ್ಷಗಳ ಮಾತು. ರೂಮಿನ ಗೋಡೆ ಮೇಲೆ 2008ರ ಬೀಜಿಂಗ್‌ನ ಅಭಿನವ್ ಬಿಂದ್ರಾ ಇದ್ದಾರೆ. ಪಕ್ಕದಲ್ಲಿ 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್. ಈ ಆಟದ ಕಾರ್ಡ್ ನೋಡಿದವರಿಗೆ ಅದರ ಹುಚ್ಚು ಅರ್ಥವಾಗುತ್ತೆ: ಕಪ್ಪು ವೃತ್ತದ ಅಗಲ 30.5 ಮಿಲಿಮೀಟರ್, ಅದರ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಸಣ್ಣದು.

ವಾರದ ದಿನಗಳ ಅಭ್ಯಾಸಕ್ಕೆ ಸಿಕ್ಕಿದ್ದು ಕುಣಿಗಲ್‌ನ ನನ್ನ ಸೋದರಮಾವನ ಹಳೇ ಸ್ಪ್ರಿಂಗ್ ಏರ್‌ಗನ್. ಕೋತಿ ಓಡಿಸೋಕೆ ಅಂತ ತಂದಿದ್ದು. ನಳಿಕೆ ಮಡಚಿದ್ರೆ ಒಳಗಿನ ಸ್ಪ್ರಿಂಗ್ ಒತ್ತಿ ಕೂರುತ್ತೆ, ಟ್ರಿಗರ್ ಎಳೆದ್ರೆ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನ ಹಿಂಡಿ ಛರ್ರೆಯನ್ನ ತಳ್ಳುತ್ತೆ. ಬೋರ್ 4.5 ಮಿಲಿಮೀಟರ್, ಶಕ್ತಿ 20 ಜೌಲ್ ಒಳಗೆ. ಇಷ್ಟಿದ್ರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ.

ತೊಂದರೆ ಇದ್ದದ್ದು ಸದ್ದಿನಲ್ಲಿ. ಪ್ರತಿ ಹೊಡೆತಕ್ಕೂ "ಟಣ್ಣ್ಣ್" ಅಂತ ಪಾತ್ರೆ ಬಿದ್ದ ಹಾಗೆ. ಪಕ್ಕದ ಮನೆಯ ಅಜ್ಜಿಗೆ ಸೊಂಟದ ಆಪರೇಷನ್ ಆಗಿದೆ, ಹಗಲೂ ರಾತ್ರಿ ಮಲಗಿರ್ತಾರೆ, ನಿದ್ದೆ ಬಂದ್ರೆ ಬಂತು. ಅವರ ಸೊಸೆ ಒಂದು ಸಂಜೆ ಬಂದು, ಜಗಳ ಏನೂ ಮಾಡದೆ, "ಅಮ್ಮ ಪ್ರತಿ ಸಲ ಬೆಚ್ಚಿ ಬೀಳ್ತಾರೆ ಕಣ್ರೀ" ಅಂದ್ರು. ಜಗಳ ಮಾಡಿದ್ರೆ ಉತ್ತರ ಕೊಡಬಹುದಿತ್ತು. ಅತ್ತಿಗೆ ಆವತ್ತೇ ಗನ್ ಅಟ್ಟಕ್ಕೆ ಹಾಕಿಸಿದ್ರು. ಸೆಲೆಕ್ಷನ್‌ಗೆ ಒಂದೂವರೆ ತಿಂಗಳು ಬಾಕಿ. ಹುಡುಗಿ ಅತ್ತಿಲ್ಲ, ಊಟ ಬಿಟ್ಟಿಲ್ಲ, ಸುಮ್ಮನೆ ಖಾಲಿ ಡಬ್ಬ ನೋಡ್ತಾ ಕೂತಿದ್ಲು ಅಂತ ಅಣ್ಣ ಫೋನ್‌ನಲ್ಲಿ ಹೇಳಿದ. ಆ ಶನಿವಾರ ನಾನು ಬೆಂಗಳೂರಿಂದ ಹೊರಟೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆ. ಆ ದಾರಿಯಲ್ಲಿ ಬಂದು ಅದನ್ನ ತಿನ್ನದೆ ಹೋಗೋದು ಹೇಗೆ, ಹೇಳಿ?

ನಮಗೆ ಸಿಕ್ಕಿದ ವಿಳಾಸ ಗುಬ್ಬಿಯದು. ತುಮಕೂರಿಂದ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್, ಎರಡೂ ಕಡೆ ತೆಂಗು. ಗುಬ್ಬಿ ಅಂದ್ರೆ ಮೊದಲು ನೆನಪಾಗೋದು ನಾಟಕ ಕಂಪನಿ. 1884ರಲ್ಲಿ ಹುಟ್ಟಿದ್ದು, ವೀರಣ್ಣನವರ ಕೈಗೆ ಬಂದ ಮೇಲೆ "ಕುರುಕ್ಷೇತ್ರ"ಕ್ಕೆ ನಿಜವಾದ ಆನೆಗಳನ್ನೇ ರಂಗಕ್ಕೆ ತಂದ ಕಂಪನಿ. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ದನಿ ಮುಟ್ಟಿಸಿದ ಊರಿಗೆ ನಾವು ಸದ್ದು ಅಡಗಿಸೋಕೆ ಹೊರಟಿದ್ವಿ. ಇನ್ನೊಂದು ಕಥೆ ಊರಿನ ಹೆಸರಿನದು. ದಿನಾ ಪುರಾಣ ಕೇಳೋಕೆ ಬರ್ತಿದ್ದ ಜೋಡಿ ಗುಬ್ಬಚ್ಚಿಗಳು ಪುರಾಣ ಮುಗಿದ ದಿನವೇ ಪ್ರಾಣ ಬಿಟ್ಟವಂತೆ, ಅದಕ್ಕೇ ಗುಬ್ಬಿ ಅಂತ ಇಲ್ಲಿನವರು ಹೇಳ್ತಾರೆ. ಹಕ್ಕಿ ಹೊಡೆಯೋ ಕೋವಿ ಅಂತಲೇ ಜನ ಕರೆಯೋ ಸಾಮಾನನ್ನ ಆ ಊರಿಗೆ ತಗೊಂಡು ಹೋಗುವಾಗ ಸ್ವಲ್ಪ ಮುಜುಗರವೂ ಆಯ್ತು.

ಯಜಮಾನರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ 2016ರಲ್ಲಿ ಆಯ್ತು, ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ಇವರ ಕೈಯಲ್ಲಿ ಇನ್ನೂ "ಜನತಾ" ಗಡಿಯಾರ ಓಡ್ತಿದೆ. ಗನ್ ಮುಟ್ಟೋ ಮೊದಲು ಹಿತ್ತಲ ಮಣ್ಣುಗುಡ್ಡೆಗೆ ಒಂದು ಹೊಡೆಯೋಕೆ ಹೇಳಿ, ಕಣ್ಣು ಮುಚ್ಚಿ ಕೇಳಿಸಿಕೊಂಡ್ರು.

"ಇದರಲ್ಲಿ ನಾಲ್ಕು ಸದ್ದಿದೆ ಕಣಪ್ಪ. ನೀವು ಒಂದು ಅಂದ್ಕೊಂಡಿದೀರ."

ನಾನು ಬುದ್ಧಿವಂತನ ಹಾಗೆ ಸೈಲೆನ್ಸರ್ ವಿಷಯ ಕೇಳಿದೆ. ಅವರು ನಕ್ಕು, "ಮೂತಿ ಮುಚ್ಚಿದ್ರೆ ಹೊಟ್ಟೆ ಗುಡುಗೋದು ನಿಲ್ಲುತ್ತಾ?" ಅಂದ್ರು. ಸ್ಪ್ರಿಂಗ್ ಗನ್‌ನಲ್ಲಿ ನಳಿಕೆ ತುದಿಯ ಗಾಳಿಯ ಸದ್ದು ಸಣ್ಣ ಪಾಲು. ದೊಡ್ಡ ಪಾಲು ಒಳಗಿನ ಕುಣಿತದ್ದು. ಛರ್ರೆ ನಳಿಕೆ ಬಿಡೋ ಮೊದಲೇ ಪಿಸ್ಟನ್ ನುಗ್ಗಿ ಗನ್ ಅಲುಗಾಡಿರುತ್ತೆ. ಆ ಅಲುಗಾಟವೇ ಕಿವಿಗೆ "ಟಣ್", ಕಾರ್ಡಿನಲ್ಲಿ ಅಂಕ ತಪ್ಪಿಸೋ ತೂತು. ಸದ್ದು ಇಳಿಸೋ ಕೆಲಸ ಬೇರೆ, ಗುರಿ ಕೂರಿಸೋ ಕೆಲಸ ಬೇರೆ ಅಂತ ನಾವು ಹೋಗಿದ್ವಿ. ಅವರ ಮೇಜಿನ ಮೇಲೆ ಅದು ಒಂದೇ ಕೆಲಸ.

ಬಿಚ್ಚೋದನ್ನ ಮಾತ್ರ ನೀವು ಮನೆಯಲ್ಲಿ ಮಾಡಬೇಡಿ. ಬಿಡುಗಡೆಯಾದ ಸ್ಥಿತಿಯಲ್ಲೂ ಸ್ಪ್ರಿಂಗ್ ಒಳಗೆ ಒತ್ತಡದಲ್ಲೇ ಕೂತಿರುತ್ತೆ, ಪಿನ್ ತೆಗೆದ ಕೂಡಲೇ ಮುಖಕ್ಕೆ ಹಾರಬಹುದು. ಅವರು ಕಬ್ಬಿಣದ ಚೌಕಟ್ಟಿನಲ್ಲಿ ಹಿಡಿಸಿ, ತಿರುಪು ಸಡಿಲಿಸುತ್ತಾ ನಿಧಾನಕ್ಕೆ ಈಚೆಗೆ ಬಿಟ್ರು. ಪಿಸ್ಟನ್ ಬಂದಾಗ ಒಂದು ವಾಸನೆ ಬಂತು: ಸುಟ್ಟ ಕೊಬ್ಬರಿ! ನಮ್ಮ ಮಾವ ವರ್ಷಗಟ್ಟಲೆ ಗಾಳಿ ತೂತಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ರು. ತುಮಕೂರು ಜಿಲ್ಲೆಯಲ್ಲಿ ಎಲ್ಲದಕ್ಕೂ ಅದೇ ಮದ್ದು. ಆದರೆ ಗಾಳಿ ರಪ್ಪನೆ ಒತ್ತಿದಾಗ ಬಿಸಿಯಾಗುತ್ತೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತೆ. ಡೀಸೆಲ್ ಇಂಜಿನ್ ಕೆಲಸ ಮಾಡೋದು ಹೀಗೇ. ಅದಕ್ಕೇ ನಡುನಡುವೆ ಪಟಾಕಿ ಸದ್ದು, ನಳಿಕೆಯಿಂದ ಹೊಗೆ, ಮತ್ತೆ ಒಂದೊಂದು ಛರ್ರೆಗೆ ಒಂದೊಂದು ವೇಗ. ಪಿಸ್ಟನ್ ಮೂತಿಯ ವಾಷರ್ ಕರಕಲಾಗಿತ್ತು.

ಸ್ಪ್ರಿಂಗನ್ನ ಗಾಜಿನ ಹಲಗೆ ಮೇಲೆ ಉರುಳಿಸಿದ್ರು. ಕುಂಟುತ್ತಾ ಹೋಯ್ತು, ಅಂದ್ರೆ ಬಾಗಿದೆ. ಅದರೊಳಗೆ ಕೂರೋ ಗೈಡ್ ಕಡ್ಡಿಗೂ ಸ್ಪ್ರಿಂಗ್‌ಗೂ ನಡುವೆ ಬೇಕಾದಷ್ಟು ಸಂದಿ, "ಟಣ್" ಹುಟ್ಟಿದ್ದು ಅಲ್ಲೇ. ಪರಿಚಯದ ಲೇತ್ ಅಂಗಡಿಯಲ್ಲಿ ನೈಲಾನ್ ಕಡ್ಡಿಯಿಂದ ಬಿಗಿಯಾದ ಹೊಸ ಗೈಡ್ ಕಡೆಸಿದ್ವಿ. (ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಲೇತ್ ಹುಡುಗನಿಗೆ ನಮ್ಮ ಕೆಲಸಕ್ಕಿಂತ ಅದರ ಮಾತಿನಲ್ಲೇ ಆಸಕ್ತಿ.) ಹೊಸ ಸ್ಪ್ರಿಂಗ್ ಹಾಕುವಾಗ ಮೊದಲಿಗಿಂತ ಮೆದುವಾದದ್ದನ್ನೇ ಆರಿಸಿದ್ರು. ಶಕ್ತಿ ಕಮ್ಮಿ ಆಗಲ್ವಾ ಅಂದಿದ್ದಕ್ಕೆ, "ಕಾಗದ ತೂತು ಮಾಡೋಕೆ ಎಷ್ಟು ಬೇಕು? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬೇಡ" ಅಂದ್ರು. ನಿಜ. ಒಲಿಂಪಿಕ್ಸ್‌ನ ರೈಫಲ್‌ಗಳೂ ಸೆಕೆಂಡಿಗೆ 175 ಮೀಟರ್ ಆಸುಪಾಸಿನಲ್ಲೇ ಹೊಡೆಯೋದು, ಅಂದ್ರೆ ಏಳೆಂಟು ಜೌಲ್.

ಸ್ಪ್ರಿಂಗ್‌ನ ಎರಡೂ ತುದಿ ಉಜ್ಜಿ ನುಣುಪು ಮಾಡಿ, ಪಿಸ್ಟನ್ ಮೈಗೆ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸ್ ಸವರಿದ್ರು. ಸ್ಪ್ರಿಂಗ್ ಸುತ್ತಿಗೆ ಅಂಟಂಟಾದ ಇನ್ನೊಂದು ಗ್ರೀಸ್, ತೆಳ್ಳಗೆ. ವಾಷರ್ ಮುಂದಿನ ಗಾಳಿ ಕೋಣೆಗೆ ಏನೇನೂ ಇಲ್ಲ. ವಾಚಿಗೆ ಸೂಜಿ ತುದಿಯಲ್ಲಿ ಎಣ್ಣೆ ಇಟ್ಟ ಕೈ ಅದು, ಹೆಚ್ಚಾಗೋ ಪ್ರಶ್ನೆಯೇ ಇಲ್ಲ.

ಜೋಡಿಸಿದ ಮೇಲೆ ನನಗೆ ಬಹಳ ಹಿಡಿಸಿದ ಪರೀಕ್ಷೆ ಮಾಡಿದ್ರು. ನಳಿಕೆ ಮಡಚೋ ಸಂದಿನ ಮೇಲೆ ಒಂದು ಚೂರು ಟಿಶ್ಯೂ ಪೇಪರ್ ಇಟ್ಟು, ಛರ್ರೆ ತುಂಬಿ ಹೊಡೆಸಿದ್ರು. ಪೇಪರ್ ಪಟ್ ಅಂತ ಹಾರಿತು. ಗಾಳಿ ಸೋರ್ತಿದೆ. ಅಲ್ಲಿನ ರಬ್ಬರ್ ಉಂಗುರ ಬದಲಾಯಿಸಿದ ಮೇಲೆ ಅಲುಗಲೇ ಇಲ್ಲ. ಛರ್ರೆ ಇಲ್ಲದೆ ಖಾಲಿ ಹೊಡೆಯೋದು ಮಾತ್ರ ಯಾವತ್ತೂ ಬೇಡ ಅಂದ್ರು. ತಡೆಯೋ ಗಾಳಿ ಇಲ್ಲದೆ ಪಿಸ್ಟನ್ ನೇರ ಗೋಡೆಗೆ ಬಡಿಯುತ್ತೆ. ಮರದ ಹಿಡಿಯ ಸ್ಕ್ರೂಗಳು ಮೂರೂ ಸಡಿಲವಾಗಿದ್ದವು. ಅದೊಂದನ್ನ ನೀವೂ ಮನೆಯಲ್ಲಿ ಬಿಗಿ ಮಾಡ್ಕೋಬಹುದು.

ನಾಲ್ಕನೇ ಸದ್ದು ಗನ್‌ನದ್ದೇ ಅಲ್ಲ, ಡಬ್ಬದ್ದು. ತಗಡಿನ ಡಬ್ಬಕ್ಕೆ ಸೀಸ ಬಡಿದ್ರೆ ಪಕ್ಕದ ಮನೆಗೆ ಕೇಳದೆ ಇರುತ್ತಾ? ಮರದ ಪೆಟ್ಟಿಗೆ ಮಾಡಿ, ಹಿಂದೆ ದಪ್ಪ ಹಲಗೆ ಕೊಟ್ಟು, ಎಣ್ಣೆಯಲ್ಲಿ ಕಲಸಿದ ಜೇಡಿಮಣ್ಣು ನಾಲ್ಕು ಬೆರಳು ದಪ್ಪ ತುಂಬಿ ಅಂದ್ರು. ನೀರಲ್ಲಿ ಕಲಸಿದ್ರೆ ಒಣಗಿ ಬಿರಿಯುತ್ತೆ.

ಛರ್ರೆಗಳನ್ನ ತೂಗಿಸಿದ್ದು ಪೇಟೆಯ ಚಿನ್ನದ ಅಂಗಡಿಯಲ್ಲಿ. ಮಿಲಿಗ್ರಾಂ ತೋರಿಸೋ ತಕ್ಕಡಿ ಇನ್ನೆಲ್ಲಿ ಸಿಗುತ್ತೆ? ಒಂದೇ ಡಬ್ಬಿಯ ಸೀಸದ ಕಾಳುಗಳು ಒಂದೇ ತೂಕ ಇರಲ್ಲ ಅನ್ನೋದು ಅಲ್ಲಿ ಕಣ್ಣಿಗೆ ಕಂಡಿತು. ಅರ್ಧ ಗ್ರಾಂ ಸುತ್ತಮುತ್ತ ಇದ್ದವನ್ನ ಗುಂಪು ಮಾಡಿ, ಬಾಲದ ಅಂಚು ನೆಗ್ಗಿದ್ದನ್ನ ಬಿಸಾಕಿದ್ವಿ. ತೀರಾ ಹಗುರದವು ಬೇಡ. ಜೋರು ಗನ್‌ನಲ್ಲಿ ಅವು ಶಬ್ದದ ವೇಗಕ್ಕೆ, ಅಂದ್ರೆ ಸೆಕೆಂಡಿಗೆ 340 ಮೀಟರ್ ಹತ್ತಿರಕ್ಕೆ ಹೋಗಿ ಚಾಟಿ ಹೊಡೆದ ಹಾಗೆ ಸಿಡಿಯುತ್ತವೆ. ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ. "ಇಷ್ಟು ಜನ ಬಂದು ಸೀಸ ತೂಗಿಸಿದ್ದು ಇದೇ ಮೊದಲು" ಅಂದ್ರು.

ಮನೆಗೆ ಒಯ್ಯೋ ಮೊದಲು ನೋಡಿಬಿಡೋಣ ಅಂತ ಭಾನುವಾರ ಕುಣಿಗಲ್ ಕಡೆ ತಿರುಗಿದ್ವಿ. ಗನ್ ಮಾವನದ್ದು, ಅವರಿಗೂ ತೋರಿಸಬೇಕು. ದಾರಿಯಲ್ಲಿ ಗೂಳೂರು ಸಿಗುತ್ತೆ. ಬಲಿಪಾಡ್ಯಮಿಯಿಂದ ತಿಂಗಳುಗಟ್ಟಲೆ ಪೂಜೆಗೊಳ್ಳೋ ದೊಡ್ಡ ಗಣಪನ ಊರು. ಅಲ್ಲಿಂದಾಚೆ ಹೆಬ್ಬೂರು, ಆಮೇಲೆ ಕುಣಿಗಲ್‌ನ ದೊಡ್ಡಕೆರೆ. ಟಿಪ್ಪು ಕಾಲದ ನಂಟಿರೋ ಕುದುರೆ ಫಾರಂ ನೋಡೋಣ ಅಂತ ಹುಡುಗಿ ಕೇಳಿದ್ಲು. ಸಮಯ ಇರಲಿಲ್ಲ.

ಮಾವನ ತೋಟದಲ್ಲಿ ಕಾಯಿ ತುಂಬೋ ಉದ್ದನೆ ಶೆಡ್ ಇದೆ. ಗಾಳಿ ಇಲ್ಲ, ಹಿಂದೆ ಇಟ್ಟಿಗೆ ಗೋಡೆ. ಪಕ್ಕದಲ್ಲೇ ಕೊಟ್ಟಿಗೆ. ಹಿಂದೆಲ್ಲ ಈ ಗನ್ ಹೊಡೆದ್ರೆ ಸೀಮೆ ಹಸು ಹಗ್ಗ ಜಗ್ಗಿ ಕುಣಿಯೋದು. ಹುಡುಗಿ ಮುಂಗೈ ಮೇಲೆ ಗನ್ನನ್ನ ಬಿಗಿ ಹಿಡಿಯದೆ, ಮಲಗಿದ ಮಗು ಎತ್ತಿದ ಹಾಗೆ ಇಟ್ಟುಕೊಂಡಳು. ಸ್ಪ್ರಿಂಗ್ ಗನ್ ಪ್ರತಿ ಸಲ ಒಂದೇ ಥರ ಹಿಂದೆ ಸರಿಯೋಕೆ ಬಿಡಬೇಕು. "ಥಪ್" ಅಂತು. ಪುಸ್ತಕ ಮುಚ್ಚಿದ ಹಾಗೆ. ಹಸು ಒಂದು ಕಿವಿ ತಿರುಗಿಸಿ ಮೆಲುಕು ಹಾಕ್ತಾ ನಿಂತಿತು. ಐದು ಹೊಡೆತ ಆದ ಮೇಲೆ ಕಾರ್ಡ್ ತಂದು ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟೆ, ಐದೂ ಮುಚ್ಚಿಹೋದವು. ಮೊದಲು ಇದೇ ಗನ್ನಿನ ಐದು ತೂತು ನಿಂಬೆಹಣ್ಣಿನಷ್ಟು ಜಾಗಕ್ಕೆ ಹರಡ್ತಿದ್ದವು.

ಮಾವ ಕಾರ್ಡ್ ನೋಡಲಿಲ್ಲ. ಹಸುವನ್ನ ನೋಡ್ತಿದ್ರು.

"ಈಗ ಹೊಡೆದ್ರೆ ಯಾರಿಗೂ ಕೇಳಲ್ಲ, ಅಲ್ವಾ?" ಅಂದ್ರು. ಅವರ ಹೊಲದಲ್ಲಿ ಆ ವರ್ಷ ರಾಗಿ ತೆನೆ ಅರ್ಧ ನವಿಲಿನ ಪಾಲು.

ನಾನು ಕಾನೂನು ಹೇಳಿದೆ. ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹೊಡೆದ್ರೆ ಜೈಲು. ಅರುಣಾಚಲದಲ್ಲಿ 2021ರಿಂದ ಜನ ತಾವಾಗಿ ಸಾವಿರಕ್ಕೂ ಮಿಕ್ಕಿ ಏರ್‌ಗನ್ ಸರ್ಕಾರಕ್ಕೆ ಒಪ್ಪಿಸಿದ್ದನ್ನೂ ಹೇಳಿದೆ. ನಮ್ಮ ಜಿಲ್ಲೆಯದೇ ಇರಲಿ ಅಂತ ಶಿರಾ ತಾಲ್ಲೂಕಿನ ಕಗ್ಗಲಡು ಎತ್ತಿದೆ. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಜನ ಕಾಯ್ತಾರೆ.

"ಕಗ್ಗಲಡಿನ ಕೊಕ್ಕರೆ ಕೆರೆ ಮೀನು ತಿನ್ನುತ್ತೆ ಕಣೋ. ಇಲ್ಲಿಯ ನವಿಲು ನನ್ನ ರಾಗಿ ತಿನ್ನುತ್ತೆ."

ಉತ್ತರ ನನ್ನ ಹತ್ತಿರ ಇರಲಿಲ್ಲ. ಗನ್ ಅವರದು, ನಷ್ಟವೂ ಅವರದು. ಇಷ್ಟು ದಿನ ಆ ಗನ್ ನವಿಲು ಕೊಲ್ಲದೆ ಇದ್ದದ್ದಕ್ಕೆ ಅದರ ಗಲಾಟೆ, ಅದರ ಸೊಟ್ಟ ಗುರಿ ಎರಡೂ ಕಾರಣ. ನಾವು ಎರಡನ್ನೂ ಸರಿ ಮಾಡಿಸಿಕೊಂಡು ಬಂದಿದ್ವಿ.

ಹುಡುಗಿ ಹೊಸ ಕಾರ್ಡ್ ಸಿಕ್ಕಿಸಿ ಗನ್ನನ್ನ ಅವರ ಕೈಗೆ ಕೊಟ್ಟಳು. "ತಾತ, ನೀವೊಂದು ಹೊಡೀರಿ." ಮಾವ ನಿಂತು, ಕನ್ನಡಕ ಸರಿ ಮಾಡ್ಕೊಂಡು, ಬಹಳ ಹೊತ್ತು ಗುರಿ ಹಿಡಿದು ಹೊಡೆದ್ರು. ಒಂಬತ್ತರ ಗೆರೆ ಮೇಲೆ. ಅವರಿಗೇ ನಂಬಿಕೆ ಬರಲಿಲ್ಲ. ಇನ್ನೂ ನಾಲ್ಕು ಹೊಡೆದು, ನಳಿಕೆ ಮಡಚಿ ಖಾಲಿ ಇದೆಯಾ ಅಂತ ನೋಡಿ, ಗನ್ನನ್ನ ಚೀಲಕ್ಕೆ ಹಾಕಿ ಜಿಪ್ ಎಳೆದ್ರು.

"ತಗೊಂಡು ಹೋಗಮ್ಮ. ಇಲ್ಲಿದ್ರೆ ಒಂದಲ್ಲ ಒಂದಿನ ನನ್ನ ಕೈ ಸುಮ್ನಿರಲ್ಲ."

ಕಾರ್ಡನ್ನ ಮಾತ್ರ ಕಾಯಿ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡ್ರು. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೀರಿ ಅಂತ ಹುಡುಗಿ ಅವರನ್ನೂ ನಲ್ಲಿ ಹತ್ತಿರ ಎಳ್ಕೊಂಡು ಹೋದಳು. ಊಟ ಆದ ಮೇಲೆ ಹೊಲದ ಸುತ್ತ ಕಟ್ಟೋಕೆ ಬಿಸಿಲಿಗೆ ಮಿರಮಿರ ಮಿಂಚೋ ಪ್ಲಾಸ್ಟಿಕ್ ಟೇಪು ತರೋಣ ಅಂತ ಮೂರೂ ಜನ ಕುಣಿಗಲ್ ಪೇಟೆಗೆ ಹೊರಟ್ವಿ.